ಎರಡು ಹಳೆಯ ಗಾಡಿಗಳಲ್ಲಿ ಹೆಚ್ಚು ಮುದಿಯಾದುದು ಯಾವುದು?

ದನಗಳ ಜಾತ್ರೆಗೆ ಹೋದ ರೈತನು ಎತ್ತಿನ ಬಾಯಿ ತೆರೆದು ಹಲ್ಲು ನೋಡುವುದನ್ನು ನಮ್ಮ ಓದುಗರಲ್ಲಿ ಅನೇಕರು ಕಂಡಿರಬಹುದು. ಮಾರುವವನು ಹೇಳಿದ ವಯಸ್ಸನ್ನು ಅವನು ಸುಲಭವಾಗಿ ನಂಬುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನೊಗ ಹೊತ್ತ ಹೆಗಲನ್ನು ಸವರುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಬೆಲೆಯ ಮಾತು ಆ ಬಳಿಕ. ಅದೇ ರೈತನ ಮಗನು ಹಳೆಯ ಮೋಟಾರು ಗಾಡಿಯನ್ನು ಕೊಳ್ಳಹೋದಾಗ ಮಾತ್ರ ಒಂದೇ ಒಂದು ಅಂಕಿಯನ್ನು ನೋಡಿ ತೀರ್ಮಾನಕ್ಕೆ ಬಂದುಬಿಡುತ್ತಾನೆ. ಅದು, ಗಾಡಿ ಎಷ್ಟು ಕಿಲೋಮೀಟರ್ ಓಡಿದೆ ಎಂಬ ಅಂಕಿ.

ಕಳೆದ ಬೇಸಗೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಇಂಥದೇ ಸಮಸ್ಯೆಯನ್ನು ಹೊತ್ತು ನಮ್ಮಲ್ಲಿಗೆ ಬಂದನು. ಅವನದು ಸಕಲೇಶಪುರದ ಬಳಿಯ ಒಂದು ಹಳ್ಳಿ. ಡಾಂಬರು ರಸ್ತೆಯಿಂದ ಮನೆಗೆ 3 ಕಿಲೋಮೀಟರ್ ಕಲ್ಲುಮಣ್ಣಿನ ಏರುದಾರಿ. ತಂದೆಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಹಾಸನದ ಆಸ್ಪತ್ರೆಗೆ ಕರೆದೊಯ್ಯಬೇಕು. ಮಳೆಗಾಲದಲ್ಲಿ ಆ ಏರನ್ನು ಸಣ್ಣ ಕಾರು ಹತ್ತದು. ಬಾಡಿಗೆಯ ಜೀಪು ಕರೆದಾಗಲೆಲ್ಲ ಬಾರದು. ಕೂಡಿಟ್ಟ ಹಣದೊಡನೆ ತಾಯಿಯ ಒಡವೆಯ ಮೇಲೆ ಪಡೆದ ಸಾಲವನ್ನೂ ಸೇರಿಸಿ ಅವನು 6 ಲಕ್ಷ ರೂಪಾಯಿಗಳನ್ನು ಹೊಂದಿಸಿದ್ದನು. ಅದು ತಪ್ಪು ಗಾಡಿಗೆ ಹೋದರೆ ಇನ್ನೊಮ್ಮೆ ಹೊಂದುವ ಹಣವಲ್ಲ.

ಎರಡು ಗಾಡಿಗಳನ್ನು ಅವನು ನೋಡಿ ಬಂದಿದ್ದನು. ಎರಡೂ ಈಗ ಎಲ್ಲರೂ ಎಸ್‌ಯುವಿ ಎಂದು ಕರೆಯುವ ಎತ್ತರದ ಗಾಡಿಗಳು. ಬೊಲೆರೊ, ಸ್ಕಾರ್ಪಿಯೊಗಳಂತೆ ಉಕ್ಕಿನ ಚಾಸಿಯ ಮೇಲೆ ಮೈ ಕೂರಿಸಿದ ಜಾತಿಗೆ ಸೇರಿದವು. ಮಾದರಿಯೊಂದೇ, ಡೀಸೆಲ್ ಎಂಜಿನ್ನೂ ಒಂದೇ, ಎರಡೂ 2015ರಲ್ಲಿ ನೋಂದಣಿಯಾದುವು. ಮೊದಲನೆಯದು ಹುಬ್ಬಳ್ಳಿಯದು, ಅದರ ಒಡೆಯರು ವ್ಯಾಪಾರದ ನಿಮಿತ್ತ ಬೆಳಗಾವಿ, ದಾವಣಗೆರೆಗಳಿಗೆ ಹೆದ್ದಾರಿಯಲ್ಲಿ ಓಡಾಡುತ್ತಿದ್ದವರು. ಅದು ಓಡಿದ್ದು 2,10,000 ಕಿಲೋಮೀಟರ್. ಕೇಳಿದ ಬೆಲೆ 5 ಲಕ್ಷ. ಎರಡನೆಯದು ಬೆಂಗಳೂರಿನದು; ಮನೆಯಿಂದ ಕಚೇರಿಗೆ, ಮಕ್ಕಳ ಶಾಲೆಗೆ, ಅಂಗಡಿಗೆ ಓಡಾಡಿದುದು. ಅದು ಓಡಿದ್ದು 1,30,000 ಕಿಲೋಮೀಟರ್; ಕೇಳಿದ ಬೆಲೆ 5 ಲಕ್ಷದ 60 ಸಾವಿರ.

“ಸರ್, 80 ಸಾವಿರ ಕಿಲೋಮೀಟರ್ ಕಡಮೆ ಓಡಿದೆ. 60 ಸಾವಿರ ಹೆಚ್ಚು ಕೊಟ್ಟರೂ ಬೆಂಗಳೂರಿನದೇ ಲಾಭವಲ್ಲವೇ? ಮನೆಯಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಿದ್ದಾರೆ” ಎಂದನು.

“ಹಣ ಕೊಡುವ ಮುನ್ನ ಒಂದು ಹಾಳೆ, ಒಂದು ಪೆನ್ನು ತೆಗೆದುಕೋ” ಎಂದೆವು. ಪ್ರಯೋಗಶಾಲೆಯಲ್ಲಿ ನಾವು ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದುವನ್ನು ಹಾಗೆಯೇ ಇರಿಸುತ್ತೇವಷ್ಟೆ. ಇಲ್ಲಿ ಅಂಥ ಪ್ರಯೋಗವೊಂದು ತಾನಾಗಿಯೇ ಒದಗಿತ್ತು. ಮಾದರಿ ಒಂದು, ವಯಸ್ಸು ಒಂದು. ಬೇರೆಯಾದುದು ಓಡಿದ ದೂರ ಮತ್ತು ಓಡಿದ ಬಗೆ.

ಎಂಜಿನ್ನಿನ ವಯಸ್ಸು

ಓಡೋಮೀಟರ್ ಎಂಬ ದೂರಮಾಪಕವು ಎಣಿಸುವುದು ಚಕ್ರದ ಸುತ್ತುಗಳನ್ನು. ಆದರೆ ಸಿಲಿಂಡರಿನೊಳಗಿನ ಪಿಸ್ಟನ್ನಿಗೆ ಕಿಲೋಮೀಟರ್ ಎಂದರೇನೆಂದು ತಿಳಿಯದು. ಅದು ಮೇಲಕ್ಕೂ ಕೆಳಕ್ಕೂ ಎಷ್ಟು ಸಲ ಓಡಾಡಿತು ಎಂಬುದರ ಮೇಲೆ ಅದರ ಸವೆತ ನಿಂತಿದೆ. ಕೆಂಪು ದೀಪದ ಮುಂದೆ ಗಾಡಿ ನಿಂತಿರುವಾಗ ದೂರಮಾಪಕವೂ ನಿಂತಿರುತ್ತದೆ; ಎಂಜಿನ್ನಾದರೋ ತಿರುಗುತ್ತಲೇ ಇರುತ್ತದೆ.

ಹೆದ್ದಾರಿಯ ಗಾಡಿಯ ಸರಾಸರಿ ವೇಗ ಗಂಟೆಗೆ 60 ಕಿಲೋಮೀಟರ್, ಎಂಜಿನ್ನಿನ ಸರಾಸರಿ ತಿರುಗಾಟ ನಿಮಿಷಕ್ಕೆ 1,800 ಸುತ್ತು ಎಂದಿಟ್ಟುಕೊಳ್ಳೋಣ. ಒಂದು ಕಿಲೋಮೀಟರಿಗೆ ಒಂದು ನಿಮಿಷ. ಆದುದರಿಂದ ಕಿಲೋಮೀಟರಿಗೆ 1,800 ಸುತ್ತು. 2,10,000 ಕಿಲೋಮೀಟರಿಗೆ ಸುಮಾರು 38 ಕೋಟಿ ಸುತ್ತುಗಳಾದುವು. ನಗರದ ಗಾಡಿಯ ಸರಾಸರಿ ವೇಗ, ನಿಂತ ಕಾಲವನ್ನೂ ಸೇರಿಸಿ, ಗಂಟೆಗೆ 20 ಕಿಲೋಮೀಟರ್. ಎಂಜಿನ್ ಕೊಂಚ ನಿಧಾನವಾಗಿ, ನಿಮಿಷಕ್ಕೆ 1,500 ಸುತ್ತು ತಿರುಗಿತೆನ್ನೋಣ. ಒಂದು ಕಿಲೋಮೀಟರಿಗೆ ಮೂರು ನಿಮಿಷ. ಎಂದರೆ 4,500 ಸುತ್ತು. 1,30,000 ಕಿಲೋಮೀಟರಿಗೆ ಸುಮಾರು 58 ಕೋಟಿ ಸುತ್ತುಗಳು! ಗಂಟೆಗಳಲ್ಲಿ ಹೇಳುವುದಾದರೆ ಹುಬ್ಬಳ್ಳಿಯ ಎಂಜಿನ್ನು ದುಡಿದುದು 3,500 ಗಂಟೆ. ಬೆಂಗಳೂರಿನದು 6,500 ಗಂಟೆ. ಟ್ರ್ಯಾಕ್ಟರುಗಳಲ್ಲಿ ಎಂಜಿನ್ನಿನ ದುಡಿಮೆಯನ್ನು ಕಿಲೋಮೀಟರುಗಳಲ್ಲಿ ಎಣಿಸದೆ ಗಂಟೆಗಳಲ್ಲಿ ಎಣಿಸುವುದಕ್ಕೆ ಇದೇ ಕಾರಣ.

ಇದು ಒರಟು ಲೆಕ್ಕವೇ ಸರಿ. ನಿಂತಲ್ಲಿ ತಿರುಗುವ ಎಂಜಿನ್ನಿನ ಮೇಲೆ ಹೊರೆ ಕಡಮೆ. ಅಲ್ಲಿಯ ಒಂದು ಸುತ್ತು ಹೆದ್ದಾರಿಯ ಒಂದು ಸುತ್ತಿಗೆ ಸಮನಲ್ಲ. ಆದರೆ ನಗರದ ಓಟಕ್ಕೆ ಇನ್ನೊಂದು ಕೇಡು ಅಂಟಿಕೊಂಡಿದೆ. ಅದನ್ನು ತಿಳಿಯಲು ಎಣ್ಣೆಯ ಕಡೆಗೆ ತಿರುಗಬೇಕು.

ಲೋಹಗಳ ನಡುವಿನ ಪೊರೆ

1883ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೋಷಾಂ ಟವರ್ ಎಂಬ ಎಂಜಿನಿಯರನು ರೈಲುಗಾಡಿಯ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದನು. ಎಣ್ಣೆಯಲ್ಲಿ ಅದ್ದಿದಂತೆ ತಿರುಗುತ್ತಿದ್ದ ಅಚ್ಚಿನ ಮೇಲಿನ ಬೇರಿಂಗಿನಲ್ಲಿ, ಎಣ್ಣೆ ಹಾಕಲೆಂದು ಅವನು ಒಂದು ರಂಧ್ರ ಕೊರೆಸಿದನು. ಅಚ್ಚು ತಿರುಗತೊಡಗಿದೊಡನೆ ರಂಧ್ರದಿಂದ ಎಣ್ಣೆ ಒಳಕ್ಕೆ ಹೋಗುವ ಬದಲು ಹೊರಕ್ಕೆ ಉಕ್ಕಿತು. ಬೆಣೆಯಿಟ್ಟು ಮುಚ್ಚಿಸಿದರೆ ಬೆಣೆಯನ್ನೇ ತಳ್ಳಿಹಾಕಿತು. ಅಲ್ಲಿ ಒತ್ತಡಮಾಪಕವನ್ನು ಇಟ್ಟು ನೋಡಿದಾಗ, ಬೇರಿಂಗಿನ ಮೇಲಿನ ಹೊರೆಯ ಸರಾಸರಿ ಒತ್ತಡಕ್ಕಿಂತ ಎಣ್ಣೆಯ ಒತ್ತಡ ಬಹಳ ಹೆಚ್ಚಾಗಿತ್ತು. ಎಂದರೆ ಅಚ್ಚು ಲೋಹದ ಮೇಲೆ ಕುಳಿತಿರಲಿಲ್ಲ. ತಾನೇ ಎಳೆದು ತಂದ ಎಣ್ಣೆಯ ತೆಳುಪೊರೆಯ ಮೇಲೆ ತೇಲುತ್ತಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ವಿವರಣೆಯನ್ನು ಕೊಟ್ಟನು. ತಿರುಗುವ ವೇಗ ಮತ್ತು ಎಣ್ಣೆಯ ಸ್ನಿಗ್ಧತೆ ಇವೆರಡೂ ಕೂಡಿ ಆ ಪೊರೆಯನ್ನು ಎತ್ತಿ ಹಿಡಿಯುತ್ತವೆ.

ಎಂಜಿನ್ನಿನ ಬೇರಿಂಗುಗಳಲ್ಲಿಯೂ ನಡೆಯುವುದು ಇದೇ. ತಿರುಗುತ್ತಿರುವವರೆಗೆ ಲೋಹಕ್ಕೆ ಲೋಹ ತಾಗುವುದು ಅಪರೂಪ, ಸವೆತ ಅತ್ಯಲ್ಪ. ನಿಂತೊಡನೆ ಪೊರೆ ಕುಸಿಯುತ್ತದೆ; ಎಣ್ಣೆ ತಳದ ತೊಟ್ಟಿಗೆ ಇಳಿಯುತ್ತದೆ. ಮರುದಿನ ಬೆಳಗ್ಗೆ ಕೀಲಿ ತಿರುಗಿಸಿದಾಗ, ತಣ್ಣಗಾಗಿ ಮಂದವಾದ ಎಣ್ಣೆಯು ಎಲ್ಲೆಡೆಗೂ ಮತ್ತೆ ತಲುಪುವ ಆ ಮೊದಲ ಕ್ಷಣಗಳಲ್ಲಿ ಲೋಹವು ಲೋಹವನ್ನು ಉಜ್ಜುತ್ತದೆ. ಆದುದರಿಂದ ಎಷ್ಟು ದೂರ ಓಡಿತು ಎಂಬುದರಷ್ಟೇ ಮುಖ್ಯವಾದುದು, ಎಷ್ಟು ಸಲ ಹೊರಟಿತು ಎಂಬುದು. ಒಮ್ಮೆ ಹೊರಟರೆ 70 ಕಿಲೋಮೀಟರ್ ಓಡುವ ಗಾಡಿ 2,10,000 ಕಿಲೋಮೀಟರಿಗೆ 3,000 ಸಲ ಹೊರಟಿರುತ್ತದೆ. ಒಮ್ಮೆಗೆ 8 ಕಿಲೋಮೀಟರ್ ಓಡುವುದು 1,30,000 ಕಿಲೋಮೀಟರಿಗೆ 16,000ಕ್ಕೂ ಹೆಚ್ಚು ಸಲ!

ಇನ್ನೂ ಒಂದು ಸಂಗತಿಯಿದೆ. ಡೀಸೆಲ್ಲಿನಲ್ಲಿರುವ ಹೈಡ್ರೊಜನ್ ಉರಿದಾಗ ನೀರಾಗುತ್ತದೆ. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಮೆ ಒಂದು ಲೀಟರ್ ನೀರು ಆವಿಯಾಗಿ ಹೊರಡುವುದೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಅದರ ಬಹುಪಾಲು ಹೊಗೆಗೊಳವೆಯಿಂದ ಹೊರಬೀಳುತ್ತದೆ. ಅಲ್ಪಾಂಶವು ಪಿಸ್ಟನ್ನಿನ ಉಂಗುರಗಳ ಸಂದಿಯಿಂದ ಕೆಳಕ್ಕೆ ನುಸುಳಿ ಎಣ್ಣೆಯನ್ನು ಸೇರುತ್ತದೆ. ದೀರ್ಘಪ್ರಯಾಣದಲ್ಲಿ ಎಣ್ಣೆ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ಹತ್ತು ನಿಮಿಷದ ಓಟದಲ್ಲಿ ಎಣ್ಣೆ ಕಾಯುವುದೇ ಇಲ್ಲ. ನೀರು, ಮಸಿ, ಅರೆಯುರಿದ ಇಂಧನ ಎಲ್ಲವೂ ಕೂಡಿ ಎಣ್ಣೆಯನ್ನು ಕೆಸರಾಗಿಸುತ್ತವೆ. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳ ಹೊಗೆಗೊಳವೆಯಲ್ಲಿ ಮಸಿ ಹಿಡಿಯುವ ಶೋಧಕವೂ ಸಾಮಾನ್ಯವಾಗಿ ಇರುತ್ತದೆ. ಅದು ಸಾಕಷ್ಟು ಕಾದಾಗ ಮಾತ್ರ ಮಸಿಯನ್ನು ಸುಟ್ಟುಕೊಳ್ಳಬಲ್ಲದಾದುದರಿಂದ ಅಂಥ ಗಾಡಿಗಳಿಗೆ ಕಿರುಪ್ರಯಾಣವು ಇನ್ನೂ ಹೆಚ್ಚು ಹಾನಿಕರ.

ಗಾಡಿಗೆ ವಯಸ್ಸು ಒಂದಲ್ಲ

ಇಷ್ಟನ್ನು ಕೇಳಿ ನಮ್ಮ ಶಿಷ್ಯನು, “ಹಾಗಾದರೆ ಹುಬ್ಬಳ್ಳಿಯದೇ ಸರಿ” ಎಂದು ಎದ್ದು ನಿಂತನು. “ಕುಳಿತುಕೋ, ಅರ್ಧ ಮಾತ್ರ ಮುಗಿದಿದೆ” ಎಂದೆವು.

ಗಾಡಿಯೆಂದರೆ ಎಂಜಿನ್ನೊಂದೇ ಅಲ್ಲ. ಈ ಬಗೆಯ ಗಾಡಿಯ ಚಕ್ರದ ಸುತ್ತಳತೆ ಸುಮಾರು 2.3 ಮೀಟರ್. ಆ ಲೆಕ್ಕದಲ್ಲಿ ಹುಬ್ಬಳ್ಳಿಯ ಗಾಡಿಯ ಪ್ರತಿಯೊಂದು ಚಕ್ರವೂ 9 ಕೋಟಿಗೂ ಹೆಚ್ಚು ಸಲ ಸುತ್ತಿದೆ. ಬೆಂಗಳೂರಿನದು ಸುಮಾರು 5 ಕೋಟಿ 65 ಲಕ್ಷ ಸಲ. ಚಕ್ರದ ಬೇರಿಂಗು, ಸ್ಪ್ರಿಂಗು, ಷಾಕ್ ಅಬ್ಸಾರ್ಬರ್, ಸ್ಟಿಯರಿಂಗಿನ ಕೀಲುಗಳು ಇವಕ್ಕೆಲ್ಲ ಕಿಲೋಮೀಟರೇ ಅಳತೆಗೋಲು. ಇವುಗಳ ಮಟ್ಟಿಗೆ ಹುಬ್ಬಳ್ಳಿಯ ಗಾಡಿಯೇ ನಿಸ್ಸಂದೇಹವಾಗಿ ಮುದಿ.

ಲೋಹವೂ ದಣಿಯುತ್ತದೆ. 1842ರ ಮೇ 8ರಂದು ಫ್ರಾನ್ಸಿನಲ್ಲಿ ವರ್ಸೈಯಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಮಂದಿ ಮಡಿದರು. ಒಂದು ಸಲಕ್ಕೆ ಎಷ್ಟೋ ಹೆಚ್ಚಿನ ಭಾರವನ್ನು ತಾಳಬಲ್ಲ ಉಕ್ಕು, ಅದಕ್ಕಿಂತ ಕಡಮೆ ಭಾರಕ್ಕೆ ಲಕ್ಷಾಂತರ ಸಲ ಬಾಗಿದಾಗ ಬಿರುಕುಬಿಡುವುದೆಂಬುದನ್ನು ಮುಂದೆ ಜರ್ಮನಿಯ ಔಗುಸ್ಟ್ ವೋಲರ್ ಎಂಬ ಎಂಜಿನಿಯರನು ರೈಲಿನ ಅಚ್ಚುಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿ ಸ್ಥಾಪಿಸಿದನು. ಎಷ್ಟು ಸಲ ಬಾಗಿತು ಎಂಬುದರ ಜೊತೆಗೆ, ಪ್ರತಿ ಸಲವೂ ಎಷ್ಟು ಬಾಗಿತು ಎಂಬುದೂ ಮುಖ್ಯ. ನಯವಾದ ಹೆದ್ದಾರಿಯ ಸಾವಿರ ಕಿಲೋಮೀಟರಿಗಿಂತ ಗುಂಡಿಬಿದ್ದ ದಾರಿಯ ನೂರು ಕಿಲೋಮೀಟರು ಚಾಸಿಯನ್ನು ಹೆಚ್ಚು ದಣಿಸಬಹುದು.

ಬ್ರೇಕು, ಕ್ಲಚ್ಚುಗಳ ವಯಸ್ಸು ಇನ್ನೊಂದು. ಜನರೂ ಸೇರಿ 2,000 ಕಿಲೋಗ್ರಾಂ ತೂಗುವ ಗಾಡಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನಶಕ್ತಿ ಸುಮಾರು 1,23,000 ಜೂಲ್. ಬ್ರೇಕು ಒತ್ತಿ ನಿಲ್ಲಿಸಿದರೆ ಅಷ್ಟೂ ಶಾಖವಾಗಬೇಕು. ಸುಮಾರು 400 ಮಿಲಿಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಾಖ ಸಾಕು. ಹೆದ್ದಾರಿಯಲ್ಲಿ ಗಂಟೆಗೆ ಕೆಲವೇ ಸಲ ನಡೆಯುವ ಈ ವ್ಯವಹಾರ ನಗರದಲ್ಲಿ ನಿಮಿಷನಿಮಿಷಕ್ಕೂ ನಡೆಯುತ್ತದೆ.

ಕೊನೆಯದು ರಬ್ಬರು. ಎಂಜಿನ್ನಿನ ಕೆಳಗಿನ ಮೆತ್ತೆಗಳು, ಬ್ರೇಕಿನ ಎಣ್ಣೆಯ ಕೊಳವೆಗಳು, ರೇಡಿಯೇಟರಿನ ಹೋಸುಗಳು, ಕೀಲುಗಳ ಬುಷ್‌ಗಳು ಇವು ಗಾಡಿ ಓಡಲಿ ನಿಲ್ಲಲಿ, ಗಾಳಿಯ ಆಮ್ಲಜನಕ, ಓಜೋನ್ ಮತ್ತು ಶಾಖಗಳಿಂದ ಗಡುಸಾಗಿ ಬಿರಿಯುತ್ತವೆ. ಇವಕ್ಕೆ ಪಂಚಾಂಗವೇ ಅಳತೆ. ಎರಡೂ 2015ರವಾದುದರಿಂದ ಇದರಲ್ಲಿ ಎರಡೂ ಸಮ.

ಹೀಗೆ ಒಂದೇ ಗಾಡಿಗೆ ನಾಲ್ಕಾರು ವಯಸ್ಸುಗಳು. ಎಂಜಿನ್ನಿಗೆ ಗಂಟೆಗಳು ಮತ್ತು ಹೊರಡುವಿಕೆಗಳು, ಚಕ್ರಗಳಿಗೆ ಕಿಲೋಮೀಟರುಗಳು, ಬ್ರೇಕಿಗೆ ನಿಲುಗಡೆಗಳು, ರಬ್ಬರಿಗೆ ವರ್ಷಗಳು. ಆದುದರಿಂದ ‘ಯಾವ ಗಾಡಿ ಮುದಿ?’ ಎಂಬ ಪ್ರಶ್ನೆಯೇ ಅಪೂರ್ಣ. ಕೇಳಬೇಕಾದುದು, ‘ಯಾವುದರಲ್ಲಿ ಯಾವ ಭಾಗ ಮುದಿ? ಆ ಭಾಗವನ್ನು ಹೊಸದಾಗಿಸಲು ಎಷ್ಟು ಖರ್ಚು?’ ಎಂದು. ಚಕ್ರದ ಬೇರಿಂಗು, ಬುಷ್, ಷಾಕ್ ಅಬ್ಸಾರ್ಬರುಗಳನ್ನು ಸಾವಿರಗಳ ಲೆಕ್ಕದಲ್ಲಿ ಬದಲಿಸಬಹುದು. ಎಂಜಿನ್ನನ್ನು ಬಿಚ್ಚಿ ಕಟ್ಟುವುದು ಲಕ್ಷದ ಮಾತು. ಮುರುಟಿದ ಅಥವಾ ತುಕ್ಕು ತಿಂದ ಚಾಸಿಗಂತೂ ನಿಜವಾದ ಮದ್ದೇ ಇಲ್ಲ.

ಊಹೆಯಿಂದ ಪರೀಕ್ಷೆಗೆ

ನಮ್ಮ ಲೆಕ್ಕವೆಲ್ಲ ಮಾರುವವರು ಹೇಳಿದ ಮಾತಿನ ಮೇಲೆ ನಿಂತಿತ್ತು. ಲೆಕ್ಕವು ಊಹೆಯನ್ನು ಕೊಡಬಲ್ಲದು. ತೀರ್ಪನ್ನು ಕೊಡಬೇಕಾದುದು ಪರೀಕ್ಷೆ. ನಂಬಿಕೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ ಎರಡನ್ನೂ ನೋಡಿ ಬರುವಂತೆ ಶಿಷ್ಯನಿಗೆ ಒಂದು ಪಟ್ಟಿ ಬರೆದುಕೊಟ್ಟೆವು.

ಮೊದಲು ದೂರಮಾಪಕದ ಅಂಕಿಯೇ ನಿಜವೇ ಎಂದು ನೋಡಬೇಕು. ಅಂಕಿಯನ್ನು ಹಿಂದಕ್ಕೆ ತಿರುಗಿಸುವವರಿದ್ದಾರೆ. ಸರ್ವೀಸಿನ ಹಳೆಯ ಬಿಲ್ಲುಗಳಲ್ಲಿ ದಿನಾಂಕದೊಡನೆ ಕಿಲೋಮೀಟರನ್ನೂ ಬರೆದಿರುತ್ತಾರೆ. ಅವು ಏರುತ್ತ ಬಂದಿರಬೇಕು. ಪೆಡಲಿನ ರಬ್ಬರು, ಸ್ಟಿಯರಿಂಗಿನ ಹಿಡಿ ಇವುಗಳ ಸವೆತವು ಅಂಕಿಗೆ ಒಪ್ಪಬೇಕು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ: 2322 ಎಂದಿದ್ದರೆ ಅದು 2022ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ‘ಹೋದ ವರ್ಷವಷ್ಟೇ ಹೊಸ ಟೈರು ಹಾಕಿಸಿದೆವು’ ಎನ್ನುವ ಮಾತನ್ನು ಇದರಿಂದ ತಾಳೆ ನೋಡಬಹುದು.

ಎರಡನೆಯದಾಗಿ ಎಂಜಿನ್ನು ಪೂರ್ತಿ ತಣ್ಣಗಿರುವಾಗಲೇ ಹೋಗಬೇಕು. ಬಾನೆಟ್ಟನ್ನು ಮುಟ್ಟಿದಾಗ ಬೆಚ್ಚಗಿದ್ದರೆ ಮಾರುವವನು ಮೊದಲೇ ಒಮ್ಮೆ ಚಾಲೂ ಮಾಡಿದ್ದಾನೆಂದು ತಿಳಿಯಬೇಕು. ತಣ್ಣನೆಯ ಎಂಜಿನ್ನೇಕೆ? ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಅದುಮಿದ ಶಾಖದಿಂದಲೇ ಇಂಧನ ಹೊತ್ತಿಕೊಳ್ಳಬೇಕು. 27 ಡಿಗ್ರಿಯ ಗಾಳಿಯನ್ನು ಹದಿನಾರನೆಯ ಒಂದು ಪಾಲಿಗೆ ಥಟ್ಟನೆ ಅದುಮಿದರೆ ಆದರ್ಶ ಲೆಕ್ಕದಲ್ಲಿ ಅದು 600 ಡಿಗ್ರಿಯನ್ನು ಮೀರಿ ಕಾಯುತ್ತದೆ. ಗೋಡೆಗಳಿಗೆ ಶಾಖ ಹೋಗುವುದರಿಂದ ವಾಸ್ತವದಲ್ಲಿ ಇಷ್ಟು ಏರದು. ಉಂಗುರಗಳು ಸವೆದಿದ್ದರೆ ಗಾಳಿಯೂ ಸೋರಿ ಕಾವು ಇನ್ನೂ ತಗ್ಗುತ್ತದೆ. ಎಂಜಿನ್ನು ಮೊಂಡುಹಿಡಿದು, ಅರೆಯುರಿದ ಡೀಸೆಲ್ಲಿನ ಬಿಳಿಹೊಗೆಯನ್ನು ಉಗುಳುತ್ತದೆ. ನೀಲಿಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ಅರ್ಥ.

ಮೂರನೆಯದಾಗಿ, ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು ನೋಡಬೇಕು. ಒಳಗಿನಿಂದ ಹೊಗೆ ಬುಸುಗುಟ್ಟಿ ಬಂದರೆ ಉಂಗುರಗಳ ಸಂದಿಯಿಂದ ಅನಿಲ ಸೋರುತ್ತಿದೆಯೆಂದಾಯಿತು. ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಬಿಳಿಕೆಸರಿದ್ದರೆ ಆಯಿಲ್ಲಿನಲ್ಲಿ ನೀರು ಕಲೆತಿದೆ. ಕೊನೆಗೆ ಗ್ಲೋ ಪ್ಲಗ್ಗುಗಳನ್ನು ಬಿಚ್ಚಿಸಿ ಆ ರಂಧ್ರದಲ್ಲಿ ಒತ್ತಡಮಾಪಕವನ್ನಿಟ್ಟು ನಾಲ್ಕೂ ಸಿಲಿಂಡರುಗಳ ಒತ್ತಡವನ್ನು ಅಳೆಯಿಸಬೇಕು. ಇದಕ್ಕೆ ಕೂಲಿ ಕೊಡಬೇಕಾಗುವುದು ನಿಜ. ಐದು ಲಕ್ಷದ ಮುಂದೆ ಅದು ದೊಡ್ಡದಲ್ಲ. ನಾಲ್ಕು ಅಂಕಿಗಳು ಎಷ್ಟಿವೆ ಎಂಬುದಕ್ಕಿಂತ ಒಂದಕ್ಕೊಂದು ಎಷ್ಟು ಸಮೀಪವಾಗಿವೆ ಎಂಬುದು ಹೆಚ್ಚು ಹೇಳುತ್ತದೆ.

ನಾಲ್ಕನೆಯದಾಗಿ, ಗಾಡಿಯನ್ನು ಮೇಲೆತ್ತಿಸಿ ಚಾಸಿಯ ಉದ್ದಕ್ಕೂ ನೋಡಬೇಕು. ಹೊಸ ಬೆಸುಗೆ, ನೆಟ್ಟಗಿಲ್ಲದ ತೊಲೆ, ಹೊಸದಾಗಿ ಬಳಿದ ಕಪ್ಪುಬಣ್ಣ ಇವು ಅಪಘಾತವನ್ನೋ ತುಕ್ಕನ್ನೋ ಮುಚ್ಚಿಟ್ಟಿರಬಹುದು. ಕಾರವಾರ, ಮಂಗಳೂರುಗಳ ಉಪ್ಪುಗಾಳಿಯಲ್ಲಿ ಬೆಳೆದ ಗಾಡಿಯಾದರೆ ಈ ಪರೀಕ್ಷೆಯನ್ನೇ ಮೊದಲು ಮಾಡತಕ್ಕದ್ದು.

ಫಲಿತಾಂಶ

ಹದಿನೈದು ದಿನಗಳ ಬಳಿಕ ಶಿಷ್ಯನು ಅದೇ ಹಾಳೆಯನ್ನು ತುಂಬಿಸಿ ತಂದನು. ಬೆಂಗಳೂರಿನ ಗಾಡಿಯ ಬಣ್ಣ ಹೊಳೆಯುತ್ತಿತ್ತು, ಸೀಟುಗಳು ಹೊಸದರಂತಿದ್ದುವು. ಆದರೆ ಬೆಳಗ್ಗೆ ಮೂರನೆಯ ಯತ್ನಕ್ಕೆ ಎಂಜಿನ್ನು ಹೊತ್ತಿಕೊಂಡಿತು. ನಾಲ್ಕು ಸಿಲಿಂಡರುಗಳ ಒತ್ತಡ 25, 24, 19, 24 ಬಾರ್. ಮೂರನೆಯದು ಉಳಿದುವುಗಳಿಂದ ಬಹಳ ಕೆಳಗಿತ್ತು. ಹುಬ್ಬಳ್ಳಿಯ ಗಾಡಿಯ ಬಾನೆಟ್ಟಿನ ಮೇಲೆ ಕಲ್ಲು ತಾಗಿದ ಚುಕ್ಕೆಗಳು. ಚಾಲಕನ ಸೀಟು ಹರಿದಿತ್ತು. ಹಿಂದಿನ ಎಡಚಕ್ರದ ಬೇರಿಂಗು ಗುಂಯ್‌ಗುಡುತ್ತಿತ್ತು. ಮುಂದಿನ ಬುಷ್‌ಗಳು ಬಿರಿದಿದ್ದುವು. ಆದರೆ ಸರ್ವೀಸಿನ ಬಿಲ್ಲುಗಳೆಲ್ಲ ಒಂದು ಕಡತದಲ್ಲಿ ಸಾಲಾಗಿದ್ದುವು, ಒತ್ತಡ 27, 26, 27, 26, ಚಾಸಿ ನೆಟ್ಟಗಿತ್ತು.

ಅವನು ಹುಬ್ಬಳ್ಳಿಯದನ್ನೇ ಕೊಂಡನು. ಚೌಕಾಸಿ ಮಾಡಿ 4 ಲಕ್ಷದ 85 ಸಾವಿರಕ್ಕೆ ಇಳಿಸಿ, ಉಳಿದ ಹಣದಲ್ಲಿ ಮೊದಲು ಬ್ರೇಕಿನ ರಬ್ಬರು ಕೊಳವೆಗಳನ್ನು, ಆಮೇಲೆ ಬೇರಿಂಗು, ಬುಷ್, ಷಾಕ್ ಅಬ್ಸಾರ್ಬರುಗಳನ್ನು ಬದಲಿಸಿದನು. ಹತ್ತು ವರ್ಷದ ಗಾಡಿಯನ್ನು ಕೊಳ್ಳುವವರು ಬೆಲೆಯ ಹತ್ತನೆಯ ಒಂದು ಪಾಲನ್ನಾದರೂ ಇಂಥ ಕೆಲಸಕ್ಕೆ ಎತ್ತಿಡದಿದ್ದರೆ ಕಷ್ಟಕ್ಕೆ ಸಿಲುಕುವರು. ಖಾಸಗಿ ಗಾಡಿಯ ಮೊದಲ ನೋಂದಣಿಯ ಅವಧಿ 15 ವರ್ಷವಾದುದರಿಂದ, 2030ರಲ್ಲಿ ಈ ಗಾಡಿ ಸರಕಾರದ ಪರೀಕ್ಷೆಗೂ ನಿಲ್ಲಬೇಕೆಂಬುದನ್ನು ಅವನಿಗೆ ನೆನಪಿಸಿದೆವು. ಕಳೆದ ಮಳೆಗಾಲವೆಲ್ಲ ಅದು ಆ ಏರನ್ನು ಹತ್ತಿ ಇಳಿಯಿತು. ಆಸ್ಪತ್ರೆಯ ಒಂದು ದಿನವೂ ತಪ್ಪಲಿಲ್ಲ.

ಇಷ್ಟರಿಂದ ‘ಹೆಚ್ಚು ಓಡಿದ ಗಾಡಿಯೇ ಒಳ್ಳೆಯದು’ ಎಂದು ಯಾರೂ ತಿಳಿಯಬಾರದು. ಹುಬ್ಬಳ್ಳಿಯ ಒಡೆಯರು ಆಯಿಲ್ ಬದಲಿಸುವುದನ್ನು ಮರೆಯುವವರಾಗಿದ್ದರೆ, ಇಲ್ಲವೇ ಬೆಂಗಳೂರಿನವರು ಪ್ರತಿ ವಾರ ಊರಿಗೆ ದೀರ್ಘಪ್ರಯಾಣ ಮಾಡುವವರಾಗಿದ್ದರೆ, ಫಲಿತಾಂಶ ತಲೆಕೆಳಗಾಗಬಹುದಿತ್ತು. ಅಂಕಿಯೊಂದು ಕಣ್ಣಿಗೆ ಬಿದ್ದಾಗ ಅದು ಯಾವುದನ್ನು ಅಳೆಯುತ್ತದೆ, ನಮಗೆ ಬೇಕಾದುದು ಯಾವುದು ಎಂದು ಕೇಳಿಕೊಳ್ಳುವುದೇ ಭೌತಶಾಸ್ತ್ರದ ಮೊದಲ ಪಾಠ.

ಈಗಿನ ಅನೇಕ ಗಾಡಿಗಳ ಫಲಕದಲ್ಲಿ ಸರಾಸರಿ ವೇಗವೂ ಕಾಣುತ್ತದೆ. ನಮ್ಮ ವಿದ್ಯಾರ್ಥಿಮಿತ್ರರು ತಮ್ಮ ಮನೆಯ, ಇಲ್ಲವೇ ನೆರೆಯವರ ಗಾಡಿಯಲ್ಲಿ ಒಂದು ತಿಂಗಳು ಓಡಿದ ದೂರವನ್ನು ಆ ವೇಗದಿಂದ ಭಾಗಿಸಿ ಎಂಜಿನ್ನು ದುಡಿದ ಗಂಟೆಗಳನ್ನು ಕಂಡುಹಿಡಿಯಲಿ. ದಿನಕ್ಕೆ ಎಷ್ಟು ಸಲ ಹೊರಡುತ್ತದೆಂಬುದನ್ನೂ ಗುರುತುಹಾಕಲಿ. ದೂರಮಾಪಕವು ಹೇಳದ ಎಷ್ಟೋ ಸಂಗತಿಗಳು ಆ ಒಂದು ಹಾಳೆಯಲ್ಲಿ ಅವರಿಗೆ ಕಾಣುವುವು.